ಪಹಣಿಯಲ್ಲಿ ಉಳಿದ ತಾತನ ಹೆಸರು

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳು ಸೇರಿ ಮಂಡ್ಯ ಜಿಲ್ಲೆಯ ಒಂದು ಕಂದಾಯ ಉಪವಿಭಾಗವಾಗಿದ್ದು, ಜಮೀನಿನ ಖಾತೆಯ ವಿಷಯದಲ್ಲಿ ಈ ಮೂರು ಕಡೆಯ ತಹಶೀಲ್ದಾರರು ನೀಡಿದ ಆದೇಶವನ್ನು ಒಪ್ಪದವರು ಮೇಲ್ಮನವಿ ಹಿಡಿದು ಬರುವುದು ಮಂಡ್ಯದ ಉಪವಿಭಾಗಾಧಿಕಾರಿಯ ನ್ಯಾಯಾಲಯಕ್ಕೆ. ಇಂಥ ತಕರಾರುಗಳಲ್ಲಿ ಒಂದು ಬಗೆಯದರ ಬೇರು ಬಹಳ ಸರಳವಾದದ್ದು: ಹೊಲಗದ್ದೆಯ ಒಡೆಯರು ತಮ್ಮ ನಂತರ ಅದು ಯಾರಿಗೆ, ಎಷ್ಟು, ಯಾವ ಷರತ್ತಿನ ಮೇಲೆ ಸಲ್ಲಬೇಕೆಂಬುದನ್ನು ಬರೆದಿಡದೆ ತೀರಿಕೊಂಡಿರುತ್ತಾರೆ. ಹಕ್ಕು, ಗೇಣಿ ಮತ್ತು ಬೆಳೆಯ ವಿವರಗಳನ್ನು ಒಳಗೊಂಡ ಪಹಣಿಯ ಒಂಬತ್ತನೆಯ ಕಾಲಮ್ಮಿನಲ್ಲಿ ತಾತನ ಹೆಸರು ಹಾಗೆಯೇ ನಿಂತಿದ್ದು, ಗದ್ದೆಯಲ್ಲಿ ಕಬ್ಬು ಕಡಿಸುತ್ತಿರುವವರು ಮೊಮ್ಮಕ್ಕಳಾಗಿರುತ್ತಾರೆ. ಬಾಯಿಮಾತಿನಲ್ಲಿ ಆದ ಹಂಚಿಕೆ ಬದುವಿನಲ್ಲಿ ಕಾಣುತ್ತದೆಯೇ ಹೊರತು ಕಾಗದದಲ್ಲಿ ಕಾಣುವುದಿಲ್ಲ. ತೀರಿಕೊಂಡವರ ಹೆಸರಿನಲ್ಲಿಯೇ ಉಳಿದ ಖಾತೆಗಳನ್ನು ವಾರಸುದಾರರ ಹೆಸರಿಗೆ ತರಲು ರಾಜ್ಯ ಸರ್ಕಾರವು 2025ರಲ್ಲಿ ಇ-ಪೌತಿ ಎಂಬ ಆಂದೋಲನವನ್ನೇ ಹಮ್ಮಿಕೊಳ್ಳಬೇಕಾಯಿತು ಎಂಬುದರಿಂದ ಈ ಸಮಸ್ಯೆಯ ಹರವನ್ನು ಊಹಿಸಬಹುದು.

ಹಾಗೆ ಬರೆದಿಡುವ ಪತ್ರಕ್ಕೆ ಹಳೇ ಮೈಸೂರು ಸೀಮೆಯಲ್ಲಿ ಎರಡು ಹೆಸರುಗಳಿವೆ. ಇಂಗ್ಲಿಷಿನ ವಿಲ್ ಎಂಬ ಶಬ್ದವೇ ಕನ್ನಡದ ನಾಲಗೆಗೆ ಒಗ್ಗಿ ಆದದ್ದು ಉಯಿಲು. ಪತ್ರ ಬರಹಗಾರರ ಬಳಕೆಯದು ಮರಣಶಾಸನ. ಈ ಎರಡನೆಯ ಹೆಸರಿನ ಮೊದಲ ಅರ್ಧವೇ ಜನರನ್ನು ಹಿಂಜರಿಸುತ್ತದೆ. ಮನೆಯ ಹಿರಿಯರ ಮುಂದೆ ಯಾರಾದರೂ ಅದನ್ನು ಎತ್ತಿದರೆ ‘ಬಿಡ್ತು ಅನ್ನು’ ಎಂಬ ಮಾತಿನಿಂದಲೇ ಆ ಪ್ರಸ್ತಾಪ ಮುಗಿಯುತ್ತದೆ. ಆದರೆ ಆ ಸಮಾಸದ ತೂಕವಿರುವುದು ಉತ್ತರಪದದಲ್ಲಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 950ರ ಶಾಸನವು, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ್ದನ್ನೂ ಅದರ ಪೂಜೆಗೆಂದು ಭೂಮಿ ಬಿಟ್ಟದ್ದನ್ನೂ ದಾಖಲಿಸುತ್ತದೆ. ಕೊಟ್ಟವರು ಯಾರು, ಕೊಟ್ಟದ್ದು ಏನು, ಯಾವ ಕಾರ್ಯಕ್ಕೆ, ತಪ್ಪಿದರೆ ಏನು ಎಂಬುದನ್ನು ಮುಂದಿನವರ ನೆನಪಿಗೆ ಬಿಡದೆ ಕಲ್ಲಿಗೆ ಒಪ್ಪಿಸುವ ಎಚ್ಚರ ಈ ನೆಲದಲ್ಲಿ ಸಾವಿರ ವರ್ಷಗಳ ಹಿಂದೆಯೇ ಇತ್ತು. ನಾಯಿಯ ನೆನಪಿಗೆ ಬಿಟ್ಟ ಭೂಮಿಗೂ ಒದಗಿದ ಆ ಸ್ಪಷ್ಟತೆಯು ಹೆಂಡತಿ ಮಕ್ಕಳಿಗೆ ಉಳಿಯಬೇಕಾದ ಭೂಮಿಗೆ ಇಲ್ಲದೆ ಹೋಗುತ್ತಿರುವುದು ವಿಷಾದದ ಸಂಗತಿ.

ಉಯಿಲು ಬರೆಯದೆ ತೀರಿಕೊಂಡವರ ಆಸ್ತಿ ಸರ್ಕಾರಕ್ಕೆ ಹೋಗುತ್ತದೆಂಬ ಭಯ ಕೆಲವರಲ್ಲಿದೆ, ಹಿರಿಯ ಮಗನಿಗೆ ಹೋಗುತ್ತದೆಂಬ ನಂಬಿಕೆ ಇನ್ನು ಕೆಲವರಲ್ಲಿದೆ. ಎರಡೂ ತಪ್ಪು. ಒಡೆಯ ಬರೆಯದೆ ಬಿಟ್ಟ ಉಯಿಲನ್ನು ಅವನ ಪರವಾಗಿ ಕಾನೂನೇ ಬರೆದಿಟ್ಟಿರುತ್ತದೆ. ಹಿಂದೂಗಳ ಮಟ್ಟಿಗೆ ಅದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅದರ 8ನೆಯ ಕಲಮಿನ ಪ್ರಕಾರ ಗಂಡಸೊಬ್ಬನ ಸ್ವಂತ ಆಸ್ತಿಯು ಮೊದಲ ವರ್ಗದ ವಾರಸುದಾರರಿಗೆ, ಅಂದರೆ ಮುಖ್ಯವಾಗಿ ಹೆಂಡತಿ, ತಾಯಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳಿಗೆ ಸಮಸಮವಾಗಿ ಸಲ್ಲುತ್ತದೆ. ಮೂರು ಎಕರೆ ಜಮೀನುಳ್ಳ ರೈತನೊಬ್ಬ ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡರೆ ಆ 120 ಗುಂಟೆಗಳು ತಲಾ 20 ಗುಂಟೆಯ ಆರು ಭಾಗಗಳಾಗುತ್ತವೆ. ಗಂಡುಮಕ್ಕಳಲ್ಲಿ ಒಬ್ಬ ಮೊದಲೇ ತೀರಿಕೊಂಡಿದ್ದು ಅವನಿಗೆ ಹೆಂಡತಿಯೂ ಇಬ್ಬರು ಮಕ್ಕಳೂ ಇದ್ದರೆ ಅವನ 20 ಗುಂಟೆಯನ್ನು ಆ ಮೂವರು ಹಂಚಿಕೊಳ್ಳುತ್ತಾರೆ. ಇಲ್ಲಿ ತಾಯಿಯ ಪಾಲನ್ನು ಗಮನಿಸುವವರು ಕಡಿಮೆ. ಮಗನನ್ನು ಕಳೆದುಕೊಂಡ ಆ ವೃದ್ಧೆಯೂ ಏನನ್ನೂ ಬರೆಯದೆ ಕಣ್ಣು ಮುಚ್ಚಿದರೆ, ಮಗನಿಂದ ಬಂದ ಆಕೆಯ 20 ಗುಂಟೆಯು ಆಕೆಯ ಎಲ್ಲ ಮಕ್ಕಳಿಗೂ ಹಂಚಿಹೋಗುವುದರಿಂದ, ತೀರಿಕೊಂಡವನ ಅಣ್ಣತಮ್ಮಂದಿರು ಮತ್ತು ಅಕ್ಕತಂಗಿಯರು ಅವನ ಗದ್ದೆಯಲ್ಲಿ ಪಾಲುದಾರರಾಗುತ್ತಾರೆ. ವಿಧವೆಯಾದ ಸೊಸೆ ಮತ್ತು ಆಕೆಯ ಮೈದುನರ ನಡುವೆ ಏಳುವ ಎಷ್ಟೋ ಜಗಳಗಳ ಹಿಂದೆ ಯಾರ ದುರಾಸೆಯೂ ಇರುವುದಿಲ್ಲ. ಇರುವುದು ಈ ಲೆಕ್ಕ ಮಾತ್ರ, ಮತ್ತು ಅದನ್ನು ತಪ್ಪಿಸಬಹುದಾಗಿದ್ದ ಒಂದು ಹಾಳೆ ಕಾಗದದ ಅಭಾವ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಇನ್ನೂ ಗೊಂದಲವಿದೆ. ಮಹಿಳೆಯರಿಗೆ ಕುಟುಂಬದ ಪಾಲಿನಲ್ಲಿ ಸ್ಥಾನ ಕೊಡುವ ಕಾನೂನನ್ನು ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಮಾಡಿತ್ತು. ಕರ್ನಾಟಕದ ತಿದ್ದುಪಡಿಯು 1994ರ ಜುಲೈ 30ರಿಂದ, ಅಷ್ಟರೊಳಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳ ಸಮಾನ ಹಕ್ಕನ್ನು ಕೊಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿಯು ಮದುವೆಯ ಭೇದವನ್ನು ತೆಗೆದುಹಾಕಿತು. ಆ ದಿನಕ್ಕೆ ತಂದೆ ಬದುಕಿರಬೇಕಾದ ಅಗತ್ಯವೂ ಇಲ್ಲವೆಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದ್ದರಿಂದ ಅರಿಶಿನ ಕುಂಕುಮಕ್ಕೆಂದು ಮದುವೆಯಲ್ಲಿ ಏನನ್ನೋ ಕೊಟ್ಟಾಯಿತು, ಇನ್ನು ಅವಳಿಗೆ ಹಕ್ಕಿಲ್ಲ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹಕ್ಕು ಖುಲಾಸೆ ಪತ್ರಕ್ಕೆ, ಅಂದರೆ ತನ್ನ ಪಾಲನ್ನು ಬಿಟ್ಟುಕೊಟ್ಟೆನೆಂಬ ಬರಹಕ್ಕೆ, ಅಕ್ಕತಂಗಿಯರ ರುಜು ಹಾಕಿಸಿಕೊಳ್ಳಲು ಅಣ್ಣತಮ್ಮಂದಿರು ಊರೂರು ಅಲೆಯುವುದು ಹಕ್ಕು ಅವರಲ್ಲಿದೆ ಎಂಬುದಕ್ಕೆ ಸಾಕ್ಷಿಯೇ ಆಗಿದೆ.

ಹೆಣ್ಣಿನ ಸ್ವಂತ ಆಸ್ತಿಯ ವಿಷಯದಲ್ಲಿ ಕಾನೂನಿನ ಉಯಿಲು ಇನ್ನೂ ವಿಚಿತ್ರವಾಗಿದೆ. ಅದೇ ಕಾಯ್ದೆಯ 15ನೆಯ ಕಲಮಿನಂತೆ, ಮಕ್ಕಳೂ ಗಂಡನೂ ಇಲ್ಲದ ಹೆಂಗಸು ತನ್ನ ದುಡಿಮೆಯಿಂದ ಕೊಂಡ ನಿವೇಶನವಾಗಲಿ ಕೂಡಿಟ್ಟ ಹಣವಾಗಲಿ ಆಕೆಯನ್ನು ಹೆತ್ತವರಿಗಿಂತ ಮೊದಲು ಗಂಡನ ವಾರಸುದಾರರಿಗೆ ಸಲ್ಲುತ್ತದೆ; ಗಂಡ ತೀರಿದ ಮೇಲೆ ಗಂಡನ ಮನೆಯವರು ನೋಡಿಕೊಳ್ಳದೆ, ತವರಿನವರೇ ಕೊನೆಯವರೆಗೆ ಸಾಕಿದ್ದರೂ ಈ ಅನುಕ್ರಮ ಬದಲಾಗುವುದಿಲ್ಲ. ತಂದೆ ತಾಯಿಯಿಂದ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತಂದೆಯ ವಾರಸುದಾರರಿಗೆ ಮರಳುತ್ತದೆ. 2025ರ ನವೆಂಬರ್‌ನಲ್ಲಿ ಈ ಕಲಮನ್ನು ಪ್ರಶ್ನಿಸಿದ ಅರ್ಜಿಯ ಸಂದರ್ಭದಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಮಹಿಳೆಯರು, ಅದರಲ್ಲೂ ಹಿಂದೂ ಮಹಿಳೆಯರು, ಉಯಿಲು ಬರೆದಿಡಬೇಕೆಂದು ಮನವಿ ಮಾಡಿತು. ಆ ಪೀಠದ ನೇತೃತ್ವ ವಹಿಸಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ತಂದೆ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರು, ಇದೇ ಜಿಲ್ಲೆಯ ಪಾಂಡವಪುರದ ಕಡೆಯವರು. ಆಸ್ತಿಯುಳ್ಳ ಗಂಡಸರಿಗಷ್ಟೇ ಉಯಿಲು ಎಂಬ ಎಣಿಕೆಯಿಂದ ಹೊರಬರಬೇಕಾದ ಶಾಲಾ ಶಿಕ್ಷಕಿಯರು, ಅಂಗನವಾಡಿ ಕಾರ್ಯಕರ್ತೆಯರು, ಹೈನು ಮಾಡಿ ಕಾಸು ಕೂಡಿಟ್ಟ ಹೆಂಗಸರು ಈ ಮನವಿಯನ್ನು ತಮಗೇ ಹೇಳಿದ ಮಾತೆಂದು ಓದಬೇಕು.

ಕಾನೂನಿನ ಪಟ್ಟಿಯಲ್ಲಿ ಹೆಸರೇ ಇಲ್ಲದ ಸಂಬಂಧಗಳು ಹಳ್ಳಿಯ ಮನೆಗಳಲ್ಲಿ ಬಹಳ ಇವೆ. ಶಾಸ್ತ್ರೋಕ್ತವಾಗಿಯೂ ಕಾನೂನುಬದ್ಧವಾಗಿಯೂ ದತ್ತು ತೆಗೆದುಕೊಳ್ಳದೆ ಎತ್ತಿ ಆಡಿಸಿ ಬೆಳೆಸಿದ ಸಾಕುಮಗ ಅಥವಾ ಸಾಕುಮಗಳು, ಮಾವನ ಹೊಲವನ್ನು ಹತ್ತಾರು ವರ್ಷ ಉತ್ತ ಮನೆಅಳಿಯ, ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿದ ಸೊಸೆ (ಆಕೆಯ ಗಂಡ ಬದುಕಿರುವವರೆಗೆ) ಇವರಲ್ಲಿ ಯಾರೂ ವಾರಸುದಾರರಲ್ಲ. ಮೊದಲ ಹೆಂಡತಿ ಇರುವಾಗಲೇ ಆದ ಎರಡನೆಯ ಮದುವೆ ಅಸಿಂಧುವಾದ್ದರಿಂದ ಆ ಹೆಂಗಸಿಗೆ ವಾರಸು ಹಕ್ಕಿಲ್ಲ. ಆಕೆಯ ಮಕ್ಕಳಿಗಾದರೋ ತಂದೆಯ ಆಸ್ತಿಯಲ್ಲಿಯೂ ಕೂಡುಕುಟುಂಬದಲ್ಲಿ ತಂದೆಯ ಪಾಲಿಗೆ ಬರಬಹುದಾಗಿದ್ದ ಭಾಗದಲ್ಲಿಯೂ ಹಕ್ಕಿದೆಯೆಂದು, ಕರ್ನಾಟಕದಿಂದಲೇ ಹೋಗಿದ್ದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಋಣವಿದೆಯೆಂದು ಒಡೆಯನ ಮನಸ್ಸು ಒಪ್ಪಿಕೊಂಡು ಕಾನೂನು ಒಪ್ಪದಿರುವ ಇಂಥವರನ್ನು ಕಾಪಾಡಲು ಉಯಿಲು, ದಾನಪತ್ರಗಳಂಥ ಬರಹಗಳ ಹೊರತು ಬೇರೆ ದಾರಿಯಿಲ್ಲ. ಮುಸ್ಲಿಮರು ತಮ್ಮ ಧರ್ಮದ ಉತ್ತರಾಧಿಕಾರ ನಿಯಮಕ್ಕೆ ಒಳಪಟ್ಟಿದ್ದು, ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನದನ್ನು ಉಯಿಲಿನ ಮೂಲಕ ಕೊಡಲಾಗದು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಪೂರ್ಣವಾಗಿ ಅನ್ವಯಿಸುತ್ತದೆ. ಮದುವೆಯಾದೊಡನೆ ಅದಕ್ಕೂ ಮುಂಚೆ ಬರೆದ ಉಯಿಲು ಅವರ ಮಟ್ಟಿಗೆ ರದ್ದಾಗುತ್ತದೆ, ಹಿಂದೂಗಳಿಗೆ ಹಾಗಲ್ಲ.

ಭಾರತದಲ್ಲಿ 1985ರಲ್ಲಿ ಎಸ್ಟೇಟ್ ಡ್ಯೂಟಿ ಎಂಬ ಮರಣ ತೆರಿಗೆಯನ್ನು ರದ್ದುಗೊಳಿಸಿದ ಮೇಲೆ, ಒಡೆಯನ ಮೌನಕ್ಕೆ ಕುಟುಂಬ ತೆರುವ ಬೆಲೆ ತೆರಿಗೆಯಲ್ಲ, ಕಾಲ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನ ಜಾಗದಲ್ಲಿ ವಾರಸುದಾರರ ಹೆಸರು ಬರುವಂತೆ ಮಾಡುವುದಕ್ಕೆ, ಮರಣ ಪ್ರಮಾಣಪತ್ರವೂ ವಂಶವೃಕ್ಷವೂ ಬೇಕು. ತಾತನ ಕಾಲದಿಂದ ಖಾತೆ ಬದಲಾಗದಿದ್ದರೆ ಆ ವೃಕ್ಷದ ಕೊಂಬೆಗಳು ಬೆಂಗಳೂರು, ಮೈಸೂರುಗಳಿಗೆ ಹರಡಿರುತ್ತವೆ, ಕೆಲವರ ಮರಣ ಎಲ್ಲಿಯೂ ನೋಂದಣಿಯಾಗಿರುವುದಿಲ್ಲ. ವಾರಸುದಾರರೆಲ್ಲರ ಹೆಸರಿನಲ್ಲಿ ಜಂಟಿ ಖಾತೆಯಾದರೂ ಯಾರಿಗೆ ಯಾವ ದಿಕ್ಕಿನ ಎಷ್ಟು ಗುಂಟೆ ಎಂಬುದು ತೀರ್ಮಾನವಾಗುವುದಿಲ್ಲ. ಅದಕ್ಕೆ ವಿಭಾಗಪತ್ರ, ಅಳತೆ, ಪೋಡಿ ಎಂಬ ಪ್ರತ್ಯೇಕ ನಕ್ಷೆ ಆಗಬೇಕು. ಅಲ್ಲಿಯವರೆಗೆ ಸಹಕಾರ ಸಂಘದ ಬೆಳೆಸಾಲವಾಗಲಿ ಸರ್ಕಾರದ ನೆರವಾಗಲಿ ಉಳುವವನ ಹೆಸರಿಗೆ ಸುಲಭವಾಗಿ ದಕ್ಕುವುದಿಲ್ಲ. ಖಾತೆ ಬದಲಾವಣೆಯಿಂದ ಒಡೆತನ ಹುಟ್ಟುವುದಿಲ್ಲ, ಅದು ಕಂದಾಯ ವಸೂಲಿಗಾಗಿ ಇರುವ ನಮೂದು ಎಂಬುದನ್ನು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿದ್ದು, ಉಯಿಲಿನ ಸಾಚಾತನದ ಬಗ್ಗೆ ತಕರಾರು ಬಂದರೆ ಅದನ್ನು ತೀರ್ಮಾನಿಸಬೇಕಾದದ್ದು ಕಂದಾಯ ಅಧಿಕಾರಿಯಲ್ಲ, ಸಿವಿಲ್ ನ್ಯಾಯಾಲಯ.

ಈ ಸೀಮೆಯಲ್ಲಿ ವಿಷಯ ಇನ್ನಷ್ಟು ಬಿಗಿಯಾಗಿರುವುದಕ್ಕೆ ಭೂಮಿಯ ಚರಿತ್ರೆಯೇ ಕಾರಣ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಮತ್ತು ಅದರ ವಿಶ್ವೇಶ್ವರಯ್ಯ ನಾಲೆಯಿಂದ ಮಳೆಯನ್ನೇ ನಂಬಿದ್ದ ಹೊಲಗಳು ಗದ್ದೆಗಳಾದವು, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಿಂದ ಕಬ್ಬಿಗೆ ಬೆಲೆ ಬಂತು, ನೀರಿನ ಜೊತೆಗೆ ಗುಂಟೆಗೊಂದು ಬೆಲೆ ಕಟ್ಟುವ ಕಾಲವೂ ಬಂತು. ಮಾರ್ಚ್ 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯು ಮದ್ದೂರು, ಮಂಡ್ಯಗಳ ಪಕ್ಕದಲ್ಲಿ ಹಾಯ್ದ ಮೇಲೆ ಬದುವಿನ ಅಗಲವೂ ದುಡ್ಡಿನ ಮಾತಾಯಿತು. ರಾಷ್ಟ್ರೀಯ ಹೆದ್ದಾರಿಗಾಗಿ ಜಮೀನು ಸ್ವಾಧೀನವಾದಾಗ ಪರಿಹಾರದ ಹಂಚಿಕೆಯಲ್ಲಿ ವಾರಸುದಾರರ ನಡುವೆ ತಕರಾರು ಎದ್ದರೆ, 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ ಆ ವಿವಾದವನ್ನು ಸಿವಿಲ್ ನ್ಯಾಯಾಲಯಕ್ಕೆ ಒಪ್ಪಿಸಬೇಕಾಗುತ್ತದೆ; ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುವುದು ಹೀಗೆ.

ಬ್ಯಾಂಕಿನಲ್ಲಿ ನಾಮಿನಿಯ ಹೆಸರು ಬರೆಸಿದ್ದಾಗಿದೆ, ಇನ್ನು ಉಯಿಲು ಏಕೆ ಎಂದು ಕೇಳುವವರಿದ್ದಾರೆ. ನಾಮಿನಿ ಎಂದರೆ ಬ್ಯಾಂಕು ಯಾರ ಕೈಗೆ ಹಣ ಕೊಟ್ಟು ತನ್ನ ಹೊಣೆಯಿಂದ ಮುಕ್ತವಾಗಬಹುದೋ ಆ ವ್ಯಕ್ತಿ. ಪಡೆದ ಹಣವನ್ನು ಆತ ವಾರಸುದಾರರ ಪರವಾಗಿ ಹಿಡಿದಿರುತ್ತಾನೆಯೇ ಹೊರತು ಅದರ ಒಡೆಯನಾಗುವುದಿಲ್ಲ. ಷೇರುಗಳ ವಿಷಯದಲ್ಲಿಯೂ ಇದೇ ನಿಯಮವೆಂದು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ತಂದೆತಾಯಿ, ಗಂಡ, ಹೆಂಡತಿ ಅಥವಾ ಮಕ್ಕಳನ್ನು ನಾಮಿನಿ ಮಾಡಿದ್ದರೆ ಅವರೇ ಫಲಾನುಭವಿಗಳು. ನಾಮಿನಿಯೂ ಇಲ್ಲದೆ ಹೋದ ಠೇವಣಿಗೆ ಬ್ಯಾಂಕು ಉತ್ತರಾಧಿಕಾರ ಪ್ರಮಾಣಪತ್ರವನ್ನು ಕೇಳಬಹುದಾಗಿದ್ದು, ಅದನ್ನು ಸಿವಿಲ್ ನ್ಯಾಯಾಲಯದಿಂದಲೇ ತರಬೇಕು. ಹತ್ತು ವರ್ಷ ಯಾರೂ ಕೇಳದ ಠೇವಣಿಯ ಹಣ ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ವರ್ಗವಾಗುತ್ತದೆ, ಆಮೇಲೂ ಕೇಳಿ ಪಡೆಯಬಹುದು.

ಉಯಿಲಿನಲ್ಲಿ ಏನನ್ನು ಬರೆಯಬಹುದು ಎಂಬಲ್ಲಿಯೇ ಅನೇಕ ಉಯಿಲುಗಳು ಎಡವುತ್ತವೆ. ತಾನೇ ಸಂಪಾದಿಸಿದ ಸ್ವಯಾರ್ಜಿತ ಆಸ್ತಿಯನ್ನು ಯಾರಿಗಾದರೂ ಬರೆಯಬಹುದು. ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮಾತ್ರ ಬರೆಯಲು 1956ರ ಕಾಯ್ದೆಯ 30ನೆಯ ಕಲಮು ಅವಕಾಶ ಕೊಡುತ್ತದೆ, ಇತರರ ಪಾಲು ಸೇರಿದ ಇಡೀ ಜಮೀನನ್ನಲ್ಲ. ತಂದೆ ಉಯಿಲಿಲ್ಲದೆ ತೀರಿದ ಮೇಲೆ 8ನೆಯ ಕಲಮಿನಂತೆ ಮಗನ ಪಾಲಿಗೆ ಬಂದ, ತಂದೆಯ ಸ್ವಯಾರ್ಜಿತವಾಗಿದ್ದ ಆಸ್ತಿಯು ಮಗನ ಸ್ವಂತದ್ದೆಂದು 1986ರ ಚಂದರ್ ಸೇನ್ ಪ್ರಕರಣದಿಂದ ಸ್ಥಿರಪಟ್ಟಿದೆ. ಭೂಸುಧಾರಣೆಯ ಕಾಲದಲ್ಲಿ ಭೂ ನ್ಯಾಯಮಂಡಳಿಯ ಮೂಲಕ ಬಂದ ಗೇಣಿ ಜಮೀನು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ, 1978ರ ಪರಭಾರೆ ನಿಷೇಧ ಕಾಯ್ದೆಗೆ ಒಳಪಟ್ಟ ಜಮೀನು ಇವುಗಳ ಬಗ್ಗೆ ಬರೆಯುವ ಮುನ್ನ ಮಂಜೂರಾತಿಯ ಷರತ್ತುಗಳನ್ನು ವಕೀಲರಿಂದ ಓದಿಸಿಕೊಳ್ಳಬೇಕು.

ಬರೆಯುವ ವಿಧಾನವಾದರೋ ಜನ ಎಣಿಸಿದಷ್ಟು ಕಷ್ಟದ್ದಲ್ಲ. ಪ್ರಾಪ್ತ ವಯಸ್ಸಿನ, ಬುದ್ಧಿ ಸ್ವಾಧೀನವಿರುವ ಯಾರೇ ಆಗಲಿ ಬಿಳಿಯ ಹಾಳೆಯ ಮೇಲೆ ಕನ್ನಡದಲ್ಲಿಯೇ ಉಯಿಲು ಬರೆಯಬಹುದು. ಛಾಪಾ ಕಾಗದ ಬೇಕಿಲ್ಲ, ಮುದ್ರಾಂಕ ಶುಲ್ಕವಿಲ್ಲ, ರುಜು ಬಾರದವರು ಹೆಬ್ಬೆಟ್ಟು ಒತ್ತಬಹುದು. 1925ರ ಕಾಯ್ದೆಯ 63ನೆಯ ಕಲಮಿನಂತೆ ಕನಿಷ್ಠ ಇಬ್ಬರು ಸಾಕ್ಷಿಗಳು ಬರೆಸಿದವರ ರುಜುವನ್ನು ಕಣ್ಣಾರೆ ಕಂಡಿದ್ದು ಅಥವಾ ಅದು ತಮ್ಮ ರುಜುವೆಂದು ಅವರು ಹೇಳಿದ್ದನ್ನು ಕೇಳಿದ್ದು, ಅವರ ಎದುರಿನಲ್ಲಿಯೇ ತಾವೂ ರುಜು ಮಾಡಿರಬೇಕು. ಮುಂದೆ ತಕರಾರು ಬಂದರೆ ಆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುವುದರಿಂದ, ಬರೆಸುವವರಿಗಿಂತ ಕಿರಿಯರೂ ಆಸ್ತಿಯಲ್ಲಿ ಲಾಭವಿಲ್ಲದವರೂ ಆದವರನ್ನು ಆರಿಸಿಕೊಳ್ಳುವುದು ವಿವೇಕ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ ಮತ್ತು ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವ ಚೆಕ್ಕುಬಂದಿ ಸ್ಪಷ್ಟವಾಗಿರಬೇಕು. ‘ನಾಲೆ ಪಕ್ಕದ ಗದ್ದೆ ದೊಡ್ಡವನಿಗೆ’ ಎಂಬಷ್ಟು ಬರೆದರೆ ಜಗಳವನ್ನೂ ಅದರೊಂದಿಗೆ ಬರೆದಂತೆಯೇ. ಉಯಿಲಿನಂತೆ ಆಸ್ತಿಯನ್ನು ಹಂಚಿಕೊಡಲು ನಂಬಿಕಸ್ಥರೊಬ್ಬರನ್ನು ನಿರ್ವಾಹಕರೆಂದು ಹೆಸರಿಸಬಹುದು. ಮುಂಬಯಿ, ಕಲ್ಕತ್ತ, ಮದರಾಸುಗಳಲ್ಲಿ ರೂಢಿಯಲ್ಲಿದ್ದ ಪ್ರೊಬೇಟ್, ಅಂದರೆ ಉಯಿಲನ್ನು ನ್ಯಾಯಾಲಯದಲ್ಲಿ ಸ್ಥಿರಪಡಿಸಿಕೊಳ್ಳುವ ವಿಧಿ, ಮಂಡ್ಯದಂಥ ಕಡೆ ಹಿಂದಿನಿಂದಲೂ ಕಡ್ಡಾಯವಾಗಿರಲಿಲ್ಲ.

ಸಂಶಯಗ್ರಸ್ತ ಉಯಿಲನ್ನು ಹೇಗೆ ತೂಗಬೇಕೆಂಬ ಬಗ್ಗೆ ಇಡೀ ದೇಶದ ನ್ಯಾಯಾಲಯಗಳು ಇಂದಿಗೂ ಆಧಾರವಾಗಿ ಹಿಡಿಯುವ ತೀರ್ಪು ಮೈಸೂರು ಸೀಮೆಯ ವ್ಯಾಜ್ಯವೊಂದರಿಂದಲೇ ಹುಟ್ಟಿದ್ದು. ಮೈಸೂರು ಹೈಕೋರ್ಟಿನಿಂದ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣದಲ್ಲಿ, 1945ರಲ್ಲಿ ವೃದ್ಧೆಯೊಬ್ಬರು ಬರೆಸಿದರೆನ್ನಲಾದ ಉಯಿಲನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟ್ 1958ರಲ್ಲಿ, ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರ ಲೇಖನಿಯಿಂದ, ಉಯಿಲನ್ನು ಮುಂದಿಡುವವರೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದು ಅದರಿಂದ ಲಾಭವೂ ತಮ್ಮ ಕಡೆಗೇ ಬರುವಂತಿದ್ದರೆ, ಆ ಸಂಶಯವನ್ನು ತೊಡೆಯುವ ಹೊಣೆ ಅವರದೇ ಎಂದು ಹೇಳಿತು. ಬರೆದವರು ಬಂದು ತಮ್ಮ ಮನಸ್ಸನ್ನು ಹೇಳಲಾರರು. ಆದ್ದರಿಂದ ನ್ಯಾಯಾಲಯದ ಮನಸ್ಸಾಕ್ಷಿಗೆ ಅದು ನಿಜವಾಗಿಯೂ ಅವರ ಕೊನೆಯ ಇಚ್ಛೆಯೆಂದು ಮನವರಿಕೆಯಾಗಬೇಕು. ಆ ಉಯಿಲು ಹಾಗೆ ರುಜುವಾತಾಗಲಿಲ್ಲ. ಹಾಸಿಗೆ ಹಿಡಿದವರ ಹೆಬ್ಬೆಟ್ಟನ್ನು ಕೊನೆಯ ವಾರದಲ್ಲಿ ಒತ್ತಿಸಿಕೊಂಡು ಬರುವ ಪತ್ರಗಳು ಅನುಮಾನಕ್ಕೆ ಗುರಿಯಾಗುವುದು ಈ ಕಾರಣದಿಂದ. ಆರೋಗ್ಯವಾಗಿರುವಾಗಲೇ, ಲಾಭ ಪಡೆಯುವ ಮಗನೋ ಮಗಳೋ ಪಕ್ಕದಲ್ಲಿಲ್ಲದಾಗ, ಸಾಧ್ಯವಾದರೆ ವೈದ್ಯರೊಬ್ಬರ ಮಾತಿನೊಂದಿಗೆ ಬರೆದದ್ದಕ್ಕೆ ಬಲ ಹೆಚ್ಚು.

ಅಳುಕಿನಿಂದಲೋ ಒತ್ತಾಯದಿಂದಲೋ ಬದುಕಿರುವಾಗಲೇ ಜಮೀನನ್ನು ದಾನಪತ್ರದ ಮೂಲಕ ಮಕ್ಕಳ ಹೆಸರಿಗೆ ಮಾಡಿಬಿಡುವ ರೂಢಿಯೂ ಇದೆ. ದಾನಪತ್ರ ಆ ಕ್ಷಣದಿಂದಲೇ ಒಡೆತನವನ್ನು ವರ್ಗಾಯಿಸುತ್ತದೆ. ಉಯಿಲಾದರೋ ಬರೆದವರ ಉಸಿರು ಇರುವವರೆಗೆ ಯಾರಿಗೂ ಏನನ್ನೂ ಕೊಡುವುದಿಲ್ಲ, ಎಷ್ಟು ಸಲ ಬೇಕಾದರೂ ಅದನ್ನು ಬದಲಿಸಬಹುದು, ಹರಿದೂ ಹಾಕಬಹುದು. ದಾನ ಪಡೆದ ಮಕ್ಕಳು ಕೈಬಿಟ್ಟಾಗ, ನೋಡಿಕೊಳ್ಳಬೇಕೆಂಬ ಷರತ್ತು ಇದ್ದರೆ, ಹಿರಿಯ ನಾಗರಿಕರ 2007ರ ಕಾಯ್ದೆಯ 23ನೆಯ ಕಲಮಿನಡಿ ಆ ಪತ್ರವನ್ನು ರದ್ದುಪಡಿಸಲು ಅದೇ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಆದರೆ ಎಪ್ಪತ್ತು ದಾಟಿದ ತಾಯಿಯೊಬ್ಬಳು ತಾನೇ ಕೊಟ್ಟ ಮನೆಗಾಗಿ ಅರ್ಜಿ ಹಿಡಿದು ನಿಲ್ಲುವ ಸ್ಥಿತಿಗಿಂತ, ಕೊಡುವುದನ್ನು ಕೊನೆಯವರೆಗೆ ತನ್ನ ಕೈಯಲ್ಲಿಯೇ ಇಟ್ಟುಕೊಳ್ಳುವುದು ಎಷ್ಟೋ ಮೇಲು.

ಇನ್ನೊಂದು ಮಾತನ್ನು ಮರೆಮಾಚಬಾರದು. ಕಾನೂನು ಹೆಣ್ಣುಮಕ್ಕಳಿಗೆ ಕೊಟ್ಟದ್ದನ್ನು ಕಸಿಯುವ ಸಾಧನವಾಗಿಯೂ ಉಯಿಲು ಬಳಕೆಯಾಗುತ್ತಿದೆ. ಗಂಡುಮಕ್ಕಳಿಗಷ್ಟೇ ಬರೆದ ಉಯಿಲು ಸ್ವಯಾರ್ಜಿತದ ಮಟ್ಟಿಗೆ ಸಿಂಧುವೇ ಹೌದು. ಆದರೆ ಯಾರನ್ನಾದರೂ ಬಿಟ್ಟು ಬರೆಯುವವರು ಬಿಟ್ಟದ್ದೇಕೆಂಬುದನ್ನೂ ಬರೆಯಬೇಕಾಗಿ ಬಂದಾಗ, 20 ಗುಂಟೆಗೆ ಅರ್ಹಳಾಗಿದ್ದ ಮಗಳ ಹೆಸರಿನ ಮುಂದೆ ಬರೆಯಲು ನ್ಯಾಯವಾದ ಕಾರಣ ಬಹುತೇಕರಿಗೆ ಸಿಗುವುದಿಲ್ಲ. ಲೇಖನಿ ಅಲ್ಲಿ ತಡೆದು ನಿಂತರೆ ಅದೂ ಉಯಿಲಿನ ಒಂದು ಉಪಕಾರವೇ.

ನೋಂದಣಿ ಕಡ್ಡಾಯವಲ್ಲ, ನೋಂದಾಯಿಸಿದ ಉಯಿಲನ್ನು ಆಮೇಲೆ ಬರೆದ ನೋಂದಾಯಿಸದ ಉಯಿಲೂ ರದ್ದುಪಡಿಸಬಲ್ಲದು. ಆದರೂ ಕಾಗದ ಕಳೆದುಹೋಗದಿರಲು, ಬಚ್ಚಿಟ್ಟರೆಂಬ ಮಾತು ಬಾರದಿರಲು ಮಂಡ್ಯ, ಮದ್ದೂರು, ಮಳವಳ್ಳಿಗಳ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು ಒಳ್ಳೆಯದು. ನಡೆಯಲಾರದವರಿದ್ದಲ್ಲಿಗೆ ವಿಶೇಷ ಕಾರಣದ ಮೇಲೆ ಅಧಿಕಾರಿಯೇ ಬರಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಬರೆದದ್ದನ್ನು ಯಾರೂ ಓದಬಾರದೆಂದಿದ್ದರೆ ಲಕೋಟೆಗೆ ಮೊಹರು ಹಾಕಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಲೂ ಬಹುದು. ನೋಂದಾಯಿಸಿದ ಉಯಿಲುಗಳು ಕಚೇರಿಯ ಮೂರನೆಯ ಪುಸ್ತಕದಲ್ಲಿ ದಾಖಲಾಗುತ್ತವೆ. ಬರೆದವರು ಬದುಕಿರುವವರೆಗೆ ಅದರ ನಕಲು ಅವರಿಗೆ ಅಥವಾ ಅವರು ನೇಮಿಸಿದವರಿಗಲ್ಲದೆ ಮಕ್ಕಳಿಗೂ ಸಿಗುವುದಿಲ್ಲ. ಅವರು ತೀರಿದ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ.